ತೊಟ್ಟಿಯ ಮೇಲೆ ನಿಂತ ಕಂಬ

ಕೆಂಗುಂಟೆ
ಇಸವಿ ೨೧೯೪, ನೀರುಪಾಲಿನ ಮಾರನೆಯ ದಿನ

ಕೆಂಗುಂಟೆ ಬ್ಯಾಪ್ಟಿಸ್ಟ್ ಸಭೆಯ ಕಟ್ಟಡ ಸಮಿತಿಯವರಿಗೆ,

ನೀವೆಲ್ಲ ಮಣ್ಣಾಗಿ ನೂರು ವರ್ಷ ದಾಟಿದೆ. ನಿಮಗೆ ಕಾಗದ ಬರೆಯುವುದು ಹುಚ್ಚು ಅನ್ನಿ, ಬರೆಯುತ್ತೇನೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ನಮ್ಮ ಕಾಲದ ಮಾತು ವಿಚಿತ್ರ ಅನ್ನಿಸಿದರೆ ಸಹಿಸಿಕೊಳ್ಳಿ. ಸಿಟ್ಟಂತೂ ಅರ್ಥವಾದೀತು.

ಈ ಸಭೆಗೆ ಮೂರು ಕಟ್ಟಡ ಆದವು. ಮೊದಲನೆಯದು ಕೆರೆ ದಂಡೆಯ ಜೋಪಡಿ; ದೀಕ್ಷಾಸ್ನಾನಕ್ಕೆ ಕೆರೆಗೇ ಇಳಿಯುತ್ತಿದ್ದರು. ಎರಡನೆಯದು ಕಲ್ಲಿನದು. ಹೆಂಗಸರು ತಲೆಯ ಮೇಲೆ ಕಲ್ಲು ಹೊತ್ತರಂತೆ. ಪೀಠದ ಮುಂದೆ ಎದೆಮಟ್ಟದ ತೊಟ್ಟಿ ಕಟ್ಟಿ ಹಲಗೆ ಮುಚ್ಚಿದರು. ಹಲಗೆ ಎತ್ತಿದ ಭಾನುವಾರ ಊರೇ ಕಿಟಕಿಗೆ ಬಂದು ನಿಲ್ಲುತ್ತಿತ್ತಂತೆ. ಮೂರನೆಯದು ನಿಮ್ಮದು, ಈ ಕಾಗದ ಮುಟ್ಟುವ ಹೊತ್ತಿಗೆ ನಕ್ಷೆ ಹಿಡಿದು ಕೂತಿರುತ್ತೀರಲ್ಲ, ಅದು. ಡ್ರಮ್ಸು, ಸ್ಪೀಕರು ಇಡಲು ವೇದಿಕೆ ಅಗಲವಾಗಬೇಕು, ತೊಟ್ಟಿ ಅಡ್ಡ ಬರುತ್ತದೆ, ದೀಕ್ಷಾಸ್ನಾನಕ್ಕೆ ಹೋಟೆಲಿನ ಈಜುಕೊಳ ಇದ್ದೇ ಇದೆ ಎನ್ನುತ್ತಿದ್ದೀರಿ. ತೊಟ್ಟಿಗೆ ಕಾಂಕ್ರೀಟು ತುಂಬಿ ಅದರ ಮೇಲೆಯೇ ನಡುಗಂಬ ನಿಲ್ಲಿಸುತ್ತೀರಿ. ನಮ್ಮ ಕಾಲದಲ್ಲಿ ಆ ಕಂಬ ಕಿತ್ತರೆ ಸೂರು ಬೀಳುತ್ತದೆ. ಭಲೇ ಬುದ್ಧಿ.

ನಮ್ಮಲ್ಲಿ ಈಜುಕೊಳ ಎಂಬ ಮಾತೇ ಸತ್ತಿದೆ. ಮನೆಮನೆಗೆ ವಾರಕ್ಕೊಮ್ಮೆ ಅಳೆದು ಕೊಡುವ ನೀರಿಗೆ ನೀರುಪಾಲು ಎನ್ನುತ್ತೇವೆ. ಪಾತ್ರೆ ತೊಳೆದ ನೀರಲ್ಲಿ ನೆಲ ಒರೆಸಿ, ಅದನ್ನೇ ಬಸಳೆ ಬಳ್ಳಿಗೆ ಹಾಕುತ್ತೇವೆ. ಹೊಸ ತೊಟ್ಟಿ ಕಟ್ಟುವಂತಿಲ್ಲ, ಕಾನೂನು; ಹಳೆಯದಿದ್ದರೆ ಯಾರೂ ಕೇಳುವುದಿಲ್ಲ. ದೀಕ್ಷಾಸ್ನಾನಕ್ಕೆ ಮಂಜುಗೂಡು ಇದೆ. ಬೀರುವಿನಂಥ ಪೆಟ್ಟಿಗೆ, ಒಳಗೆ ನಿಂತರೆ ಹನಿ ಹಾರಿ ಕೂದಲು ಒದ್ದೆಯಾಗುತ್ತದೆ, ಅಷ್ಟೇ. ನೀರಲ್ಲಿ ಪೂರ್ತಿ ಮುಳುಗುವುದೇ ಗುರುತಾಗಿದ್ದ ಸಭೆಯವರು ನಾವು ಬೀರುವಿನಿಂದ ಹೊರಬಂದು ಆಮೆನ್ ಎನ್ನುತ್ತೇವೆ.

ದೆಬೋರಮ್ಮ ಒಪ್ಪಲಿಲ್ಲ. ಹಗ್ಗ ಹೊಸೆದು ಬದುಕಿದ ಮುದುಕಿ. ಮುಳುಗಿ ಏಳದೆ ಕರ್ತನ ಭೋಜನದ ದ್ರಾಕ್ಷಾರಸ ಕುಡಿಯುವುದಿಲ್ಲ ಎಂದು ಹಠ. ಬಟ್ಟಲು ಬಂದಾಗ ಪಕ್ಕದವರಿಗೆ ದಾಟಿಸುತ್ತಾಳೆ. ಈಗೀಗ ಮೆಟ್ಟಿಲು ಹತ್ತಲೂ ಅವಳಿಗೆ ಉಸಿರು ಸಾಲದು. ನಿನ್ನೆ ಅವಳ ಓಣಿಯವರು, ಖಾಜಾಬಿ, ನಿಂಗವ್ವ, ಯಾರೂ ನಮ್ಮ ಸಭೆಯವರಲ್ಲ, ತಂತಮ್ಮ ನೀರುಪಾಲಿನಿಂದ ಒಂದೊಂದು ಕೊಡ ತಂದು ಅವಳ ಸ್ನಾನಕ್ಕೆಂದು ನಮ್ಮ ಸಭೆಯ ಜಗುಲಿಯ ಮೇಲಿಟ್ಟು ಹೋದರು. ಜಗುಲಿ ತುಂಬಿತು. ದೆಬೋರಮ್ಮ ಬಿಳಿ ಸೀರೆ ಉಟ್ಟು ಬಂದಳು.

"ನೀರು ಬಂತು. ತೊಟ್ಟಿ ಎಲ್ಲೈತೋ, ಎಫ್ರಾಯಿಮಾ?" ಎಂದಳು.

ನಾನು ಕಂಬ ತೋರಿಸಿದೆ. ಅದನ್ನೊಮ್ಮೆ ಅಂಗೈಯಿಂದ ತಟ್ಟಿ ನೋಡಿದಳು.

"ಹಂಗಾರ ಅವರವರ ನೀರು ಅವರವರ ಮನೀಗೆ ಮುಟ್ಟಸ್ರಿ. ನೀವ ಹೊರ್‍ರಿ."

ಸಭಾಪಾಲಕರೂ ನಾವು ಹಿರಿಯರೂ ನಡುಹಗಲಲ್ಲಿ ಕೊಡ ಹೊತ್ತು ಓಣಿ ತಿರುಗಿದೆವು. ಖಾಜಾಬಿ ಕೊಡ ಇಳಿಸಲು ಕೈ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಕಾಂಕ್ರೀಟಿನ ಲಾರಿ ಬರುವ ಮುನ್ನ ಆ ಕಂಬವನ್ನು ಆಚೆ ಸರಿಸಿ. ಡ್ರಮ್ಸು ಮೂಲೆಯಲ್ಲಿಡಿ, ಸದ್ದೇನೂ ಕಡಿಮೆಯಾಗದು. ತೊಟ್ಟಿಗೆ ಹಲಗೆ ಮುಚ್ಚಿ ಬಿಟ್ಟರೆ ಸಾಕು, ನೀರನ್ನು ಖಾಜಾಬಿ ತರುತ್ತಾಳೆ.

ಬರುವ ಭಾನುವಾರ ಕರ್ತನ ಭೋಜನ. ಬಟ್ಟಲು ಹಿಡಿದು ಸಾಲಿನಲ್ಲಿ ಬರುವವನು ನಾನೇ. ದೆಬೋರಮ್ಮ ಕುಡಿದಳೋ ಪಕ್ಕಕ್ಕೆ ದಾಟಿಸಿದಳೋ, ಅದರಿಂದಲೇ ಈ ಕಾಗದ ನಿಮಗೆ ಮುಟ್ಟಿತೋ ಇಲ್ಲವೋ ತಿಳಿದುಕೊಳ್ಳುತ್ತೇನೆ.

ಎಫ್ರಾಯಿಮಪ್ಪ
ಸಭೆಯ ಹಿರಿಯ