ಮಾರಕ್ಕನ ಸೊಪ್ಪು

ಗಂಜಾಂ
೧೯-೮-೧೯೯೬

ಹೊಸಹೊಳಲಿನ ಮಾರಕ್ಕನಿಗೆ, ಎರಡು ವರ್ಷದಿಂದ ಮುಖ ತೋರಿಸದ ತಂಗಿ ಪ್ರೇಮಳ ನಮಸ್ಕಾರ.

ಲೈಸೆನ್ಸಿಗೆಂದು ಮೈಸೂರಿನಲ್ಲಿ ಪರೀಕ್ಷೆಗೆ ಕೊಟ್ಟಿದ್ದ ನನ್ನ ಕಾಮಾಲೆ ಸಿರಪ್ಪಿನ ರಿಪೋರ್ಟು ಬೆಳಿಗ್ಗೆ ಬಂತು. ಬಾಟಲಿಯಲ್ಲಿರುವುದು ಹೊನಗೊನ್ನೆ ಸೊಪ್ಪು, ಬೆಲ್ಲ, ನೀರು. ಅದು ನನಗೂ ಗೊತ್ತಿತ್ತು. ಅದರಿಂದ ಕಾಮಾಲೆ ವಾಸಿಯಾಗದು ಎನ್ನುವುದೇ ಗೊತ್ತಿರಲಿಲ್ಲ.

ಹೇಳಿಬಿಡುತ್ತೇನೆ. ನಿನ್ನ ಎಡಗೈ ಮುರಿದಾಗ ಅಡುಗೆ ಮಾಡಿಹಾಕಲು ಬಂದವಳು ನಿನ್ನ ಬುಟ್ಟಿಯ ಮೇಲೂ ಕಣ್ಣಿಟ್ಟಿದ್ದೆ. ನೀನು ಮುಂಜಾನೆ ಯಾರೊಡನೆಯೂ ಮಾತಾಡದೆ ಕೆರೆ ಹಿಂದಕ್ಕೆ ಹೋಗಿ ಬರುತ್ತಿದ್ದೆ. ಬುಟ್ಟಿಯ ತುಂಬ ಹೊನಗೊನ್ನೆ. ಬಸ್ಸಾರಿಗೆ ಹಾಕುವ ಸೊಪ್ಪೇ ಔಷಧಿ, ಜನ ನಕ್ಕಾರೆಂದು ಮುಚ್ಚಿಡುತ್ತಾಳೆ ಅಂತ ಲೆಕ್ಕ ಹಾಕಿದೆ. ನೀನು ವಾರಕ್ಕೆ ಇಪ್ಪತ್ತು ಜನಕ್ಕೆ ಕಾಮಾಲೆಗೆಂದು ಅರೆದು ಕೊಡುವುದನ್ನು ನಾನು ಇನ್ನೂರು ಜನಕ್ಕೆ ಮುಟ್ಟಿಸುತ್ತೇನೆ ಅಂದುಕೊಂಡೆ. ಮೇಲಿನ ಸೊಪ್ಪು ಕದ್ದು ನೋಡುವ ನನ್ನಂಥವರ ಕಣ್ಣಿಗೆ ಹಾಕಿದ್ದು, ಅಸಲು ಗಿಡ ಅದರಡಿಯಲ್ಲಿರುತ್ತಿತ್ತು ಎಂದು ಇವತ್ತು ಹೊಳೆಯಿತು. ಊರಿಗೆಲ್ಲ ವ್ಯಾಪಾರ ಹೇಳಿಕೊಡುವವಳು ಬುಟ್ಟಿಯ ತಳಕ್ಕೆ ಕೈಹಾಕಲಿಲ್ಲ, ನೋಡು.

ಪಾಂಡವಪುರದ ಚಿಕ್ಕಸ್ವಾಮಿಯ ಮಗಳು ಶ್ವೇತ, ಹತ್ತನೇ ಕ್ಲಾಸು, ಹತ್ತು ದಿನ ನನ್ನ ಸಿರಪ್ಪು ಕುಡಿದಳು. ಈಗ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಮೊನ್ನೆ ನೋಡಲು ಹೋಗಿದ್ದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಗದರಿದರು. ಚಿಕ್ಕಸ್ವಾಮಿ ನನ್ನ ಕಡೆ ತೋರಿಸಿ ಅಂದ: "ಸುಮ್ನೆ ಕುಂತಿರ್ಲಿಲ್ಲ ಸಾ. ಪಾಪ, ಈಯಮ್ಮ ಮನೆಗಂಟ ಬಂದು ಔಷ್ದಿ ಕೊಟ್ಟವ್ರೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕ.

ನೀನು ಮೊದಲು ರೆಪ್ಪೆ ಎಳೆದು ನೋಡುತ್ತಿದ್ದೆ. ಜೋರಾಗಿದ್ದರೆ ಒರಳು ಮುಟ್ಟದೆ ಆಸ್ಪತ್ರೆಗೆ ಅಟ್ಟುತ್ತಿದ್ದೆ. ನಾನು ಸೊಪ್ಪು ನೋಡಿದೆನೇ ಹೊರತು, ನೀನು ನೋಡುವುದನ್ನು ನೋಡಲಿಲ್ಲ.

ನಾಗಮಂಗಲ, ಕೆ.ಆರ್. ಪೇಟೆಯ ಅಂಗಡಿಗಳಿಂದ ಬಾಟಲಿಗಳನ್ನು ವಾಪಸು ತರಿಸುತ್ತಿದ್ದೇನೆ. ಅಸಲು ಗಿಡದ ಹೆಸರು ಕೇಳುವುದಿಲ್ಲ. ಚಿಕ್ಕಸ್ವಾಮಿಗೆ ನಿಜ ಹೇಳಬೇಕು. ಮಾತಿನಲ್ಲೇ ಬದುಕಿದವಳಿಗೆ ಅದೊಂದು ಮಾತು ಬಾಯಿಗೆ ಬರುತ್ತಿಲ್ಲ. ಗುರುವಾರ ಆಸ್ಪತ್ರೆಗೆ ಬಂದು ಪಕ್ಕದಲ್ಲಿ ನಿಲ್ಲುತ್ತೀಯಾ?

ನಿನ್ನ
ಪ್ರೇಮ

ವಿ.ಸೂ.: ಬರುವ ಮುಂಚೆ ತಿಳಿದಿರಲಿ. ನಿನ್ನನ್ನು ಕಂಡು ಚಿಕ್ಕಸ್ವಾಮಿ ಬೆಚ್ಚಿಬೀಳುತ್ತಾನೆ. ಅವನು ಮಗಳನ್ನು ಕರೆದುಕೊಂಡು ನಿನ್ನ ಹತ್ತಿರವೇ ಹೊರಟಿದ್ದ. ಬಸ್ ಸ್ಟಾಂಡಿನಲ್ಲಿ ತಡೆದು, ನೀನು ತೀರಿಹೋಗಿ ವರ್ಷವಾಯಿತು ಎಂದವಳು ನಾನೇ.