ರೊಕ್ಕೊನ ಎದುರು ನಡೆದ ಅತ್ತೆಗೆ

ಪ್ರೀತಿಯ ಅತ್ತೆ,

ಕಲೋನ್‌ನ ನಮ್ಮ ಮನೆಗೆ ಬಂದ ದಿನ ನೀವು ಬಾಗಿಲಲ್ಲೇ ನಿಂತುಬಿಟ್ಟಿರಿ. ಒಳಗೆ ನಾಯಿ ಬೊಗಳುತ್ತಿತ್ತು. "ಏನವಾ ಅದರ ಹೆಸರು?" ರೊಕ್ಕೊ ಅಂದೆ. "ನಾಯಿಗೆ ರೊಕ್ಕ ಅಂತ ಹೆಸರಿಡ್ತಾರೇನು?" ನಗು ಬಂತು, ತಡೆದುಕೊಂಡೆ. ಧಾರವಾಡದಿಂದ ಮಡಿಸೀರೆಯನ್ನು ಬೇರೆ ಚೀಲದಲ್ಲಿ ಕಟ್ಟಿಕೊಂಡು ಬಂದವರು ನೀವು. ಈ ಮನೆಯಲ್ಲಿ ನೀರಾದರೂ ಕುಡಿಯುತ್ತೀರೋ ಇಲ್ಲವೋ ಅಂತ...

ರೊಕ್ಕೊನನ್ನು ಯಾಕೆ ತಂದೆ ಅಂತ ನೀವು ಕೇಳಲೇ ಇಲ್ಲ. ಕಂಪ್ಯೂಟರ್ ಕೆಲಸಕ್ಕೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಇದ್ದದ್ದು ಇವರಿಗೆ. ಹೆಂಡತಿಯಾಗಿ ಬಂದ ನನಗೆ ಆಗ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ಇಲ್ಲಿ ದಿನವೆಲ್ಲ ಕಿಟಕಿ ಪಕ್ಕ ಕೂತಿರುತ್ತಿದ್ದೆ. ನಾಲ್ಕು ಮಾತು ಜರ್ಮನ್ ಕಲಿಯೋಣ ಅಂತ ಟೀಯರ್‌ಹೈಮ್‌ಗೆ, ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ಸಾಕುವ ಜಾಗಕ್ಕೆ, ಹೋಗತೊಡಗಿದೆ. ಕರೆದೊಯ್ದವರೆಲ್ಲ ಕಚ್ಚುತ್ತಾನೆ ಅಂತ ರೊಕ್ಕೊನನ್ನು ವಾಪಸ್ ತಂದುಬಿಟ್ಟಿದ್ದರು. ನನ್ನ ಕೈ ಮೂಸಿ ಸುಮ್ಮನೆ ಮಲಗಿದ. ನನಗೂ ಆಗ ಅಷ್ಟೇ ಬೇಕಿತ್ತೋ ಏನೋ.

ನೀವಿದ್ದಾಗಲೇ ಅವನು ಮೆಟ್ಟಿಲ ಮೇಲೆ ಪಕ್ಕದ ಮನೆಯ ಮುದುಕರ ಕೈಗೆ ಬಾಯಿ ಹಾಕಿದ. ನಗರದ ಕಚೇರಿಯಿಂದ ಆದೇಶ ಬಂತು: ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕಬೇಕು, ನಡವಳಿಕೆಯ ಪರೀಕ್ಷೆ ಮಾಡಿಸಬೇಕು, ಪಾಸಾಗದಿದ್ದರೆ ನಾಯಿಯನ್ನು ಒಯ್ಯುತ್ತಾರೆ. "ವಾಪಸ್ ಬಿಟ್ಟು ಬಾ. ನಾಳೆ ವೀಸಾಕ್ಕ ತೊಂದ್ರಿ ಆದ್ರ?" ಅಂದರು ಇವರು. ನೀವು ಬತ್ತಿ ಹೊಸೆಯುತ್ತ ತಲೆ ಎತ್ತದೆ ಹೇಳಿದಿರಿ, "ಹಗಲೆಲ್ಲ ಮನ್ಯಾಗ ಆಕಿ ಒಬ್ಬಾಕಿನ ಇರ್ತಾಳ. ನೀ ಬರೂದು ಕತ್ತಲಾದ ಮ್ಯಾಲೆ. ಇರ್ಲಿ ಬಿಡು ನಾಯಿ."

ನಾಯಿಶಾಲೆ ನಡೆಸುವ ಫ್ರೌ ಕೆಲ್ಲರ್ ಹೇಳಿಕೊಟ್ಟದ್ದು ಸುಲಭದ ಪಾಠ. ಯಾರಾದರೂ ದೂರದಿಂದ ಹಾದುಹೋಗಬೇಕು, ನಾಯಿ ಸುಮ್ಮನಿದ್ದರೆ ಚೀಸ್ ತುಣುಕು ಕೊಡಬೇಕು, ದಿನ ಕಳೆದಂತೆ ದೂರ ಕಡಿಮೆ ಮಾಡಬೇಕು. ಆದರೆ ಈ ಊರಲ್ಲಿ ನನಗಾಗಿ ನಡೆಯುವವರು ಯಾರಿದ್ದರು? ಸೀರೆಯ ಮೇಲೆ ಇವರ ಜಾಕೆಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು ನೀವೇ ಬಂದಿರಿ. ಕಾರು ನಿಲ್ಲಿಸುವ ಜಾಗದಲ್ಲಿ ಆ ಚಳಿಯಲ್ಲಿ ರಾಮನಾಮ ಹೇಳುತ್ತ ಆ ತುದಿಯಿಂದ ಈ ತುದಿಗೆ ನಡೆದಿರಿ. ನಾಯಿ ಹತ್ತಿರವಾದಷ್ಟೂ ಹೆದರಿಕೆಗೆ ನಿಮ್ಮ ದನಿ ಜೋರಾಗುತ್ತಿತ್ತು. ಒಂದು ದಿನ ಆ ಮುದುಕರೂ, ಕೈಗೆ ಬ್ಯಾಂಡೇಜ್ ಇದ್ದ ಹಾಗೇ, ಕೆಳಗಿಳಿದು ಬಂದು ನಿಮ್ಮ ಪಕ್ಕ ಹೆಜ್ಜೆ ಹಾಕಿದರು. ನಿಮ್ಮ ಮಾತು ಅವರಿಗೆ ತಿಳಿಯದು, ಅವರ ಮಾತು ನಿಮಗೆ ತಿಳಿಯದು. ಆದರೂ ದಾರಿಯುದ್ದಕ್ಕೂ ಏನು ಮಾತಾಡುತ್ತಿದ್ದಿರಿ?

ವೀಸಾ ಮುಗಿದು ನೀವು ಊರಿಗೆ ಹೊರಟಿರಿ. ಪರೀಕ್ಷೆಗೆ ಮೊದಲೇ ಧಾರವಾಡದಿಂದ ಫೋನ್ ಬಂತು, ನೀವು ನಿದ್ದೆಯಲ್ಲೇ ಹೋಗಿಬಿಟ್ಟಿರಿ ಅಂತ. ಇವರು ರಿಸೀವರ್ ಇಟ್ಟು, ನೆಲದ ಮೇಲೆ ನಾಯಿಯ ಪಕ್ಕ ಕೂತರು.

ರೊಕ್ಕೊ ಪಾಸಾದ, ಅತ್ತೆ. ಅಪರಿಚಿತರು ಮೈಗೆ ತಾಗುವಷ್ಟು ಹತ್ತಿರ ಹೋದರೂ ಅವನು ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ಕೆಲಸದ ಅನುಮತಿ ಸಿಕ್ಕ ಕೂಡಲೇ ಫ್ರೌ ಕೆಲ್ಲರ್ ನನ್ನನ್ನು ಶಾಲೆಯ ಕೆಲಸಕ್ಕೆ ಸೇರಿಸಿಕೊಂಡರು. ಈಗ ಇದೇ ನನ್ನ ಉದ್ಯೋಗ. ಇವರ ಕಂಪನಿ ಮುಚ್ಚಿದ ಚಳಿಗಾಲ ಮನೆ ನಡೆದದ್ದು ಇದರಿಂದಲೇ. ಚೆನ್ನಾಗಿದ್ದೇನೆ ಅನ್ನಲಾರೆ. ಮಳೆಯಲ್ಲಿ ನಿಂತು ನಿಂತು ಮೊಣಕಾಲು ಹೋಗಿದೆ. ನಾಯಿಗಿಂತ ಅದರ ಯಜಮಾನರಿಗೆ ಹೇಳಿಕೊಡುವುದೇ ಹೆಚ್ಚು, ಅದರಲ್ಲೇ ಗಂಟಲು ಒಣಗುತ್ತದೆ. ಕೆಲವು ನಾಯಿಗಳನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಅಂಥ ದಿನ ಮನೆಗೆ ಬಂದರೆ ಅನ್ನಕ್ಕಿಡುವುದಕ್ಕೂ...

ಫ್ರೌ ಕೆಲ್ಲರ್‌ಗೆ ವಯಸ್ಸಾಯಿತು. ಇವತ್ತು ಕರೆದು, "ಇನ್ನು ಶಾಲೆ ನೀನೇ ನಡೆಸುತ್ತೀಯಾ?" ಅಂದರು. ಹೂಂ ಅಂದೆ. ಸಂತೋಷಪಡುವುದಕ್ಕೂ ತ್ರಾಣವಿರಲಿಲ್ಲ. ಮನೆಗೆ ಬಂದವಳೇ ನೆಲದ ಮೇಲೆ ಉರುಳಿದೆ. ಇವರು ಪಕ್ಕ ಕೂತು, ಕೆಸರು ಮೆತ್ತಿದ ನನ್ನ ಬೂಟಿನ ಲೇಸು ಬಿಚ್ಚಿದರು. "ನಾಳೆ ಮುಂಜಾನೆ ಸಾಲಿ ಮೈದಾನದ ಗೇಟು ನಾ ತಗೀತೀನಿ. ನೀ ಮಲ್ಕೋ," ಅಂದರು.

ಶಾಲೆಯನ್ನು ನಡೆಸುತ್ತೇನೆ ಅತ್ತೆ, ಮಾತು ಕೊಡುತ್ತೇನೆ. ನಾಳೆ ಒಂದು ದಿನ ಮಾತ್ರ ತಡವಾಗಿ ಏಳುತ್ತೇನೆ. ಬೈಯಬೇಡಿ.

ನಿಮ್ಮ ಸೊಸೆ,
ವಸುಧಾ