ಅಣ್ಣನ ಎತ್ತರಕ್ಕೆ ಹುಟ್ಟುವ ಸೂರ್ಯ

ಡಿಸೆಂಬರ್ 15

ಎರಡು ಪ್ಯಾಂಟ್ ಆಲ್ಟರೇಷನ್ ಮುಗೀತು. ಮಷೀನ್ ಸದ್ದು ಅಂತ ಅಣ್ಣನ ಗೊಣಗಾಟ. ಆಮೇಲೆ ಅದೇ ರಾಗ — ಕಲ್ಲುಗಳ ಹತ್ತಿರ ಕರ್ಕೊಂಡು ಹೋಗು. ವರ್ಷದ ಅತಿ ಚಿಕ್ಕ ಹಗಲು, ಆ ಎರಡು ನಿಲುಗಲ್ಲುಗಳ ನಡುವೆ ಸೂರ್ಯ ಹುಟ್ಟೋದನ್ನ ಈ ರಿಟೈರ್ಡ್ ಗಣಿತ ಮೇಷ್ಟ್ರು ಒಂದು ವರ್ಷವೂ ತಪ್ಪಿಸಿದವನಲ್ಲ. ಡಾಕ್ಟರು ಚಳಿಗೆ ಹೊರಗೆ ಬೇಡ ಅಂದಿದಾರೆ. ಮುಂದಿನ ವರ್ಷ ಹೋಗೋಣ ಅಂದೆ. ನನ್ನ ಮುಖ ನೋಡಿದ. ನಾಲಿಗೆ ಕಚ್ಕೊಂಡೆ.

ಡಿಸೆಂಬರ್ 18

ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಅದೇ ಆಸೆ ಅಂದ್ರೆ ಕರ್ಕೊಂಡು ಹೋಗಿ ಅಂದರು. ಬೇಡ ಅಂದಿದ್ರೇ ಚೆನ್ನಾಗಿತ್ತು. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ.

ಡಿಸೆಂಬರ್ 21, ಸಂಜೆ

ಈ ವರ್ಷ ಅಣ್ಣನಿಗೆ ವೀಲ್‌ಚೇರ್, ಚಕ್ರಕ್ಕೆ ಗಾಳಿ ತುಂಬಿಸಿದ್ದಾಯ್ತು. ಕನ್ನಡಕ ಮರೀಬೇಡ ಅಂತ ಅಣ್ಣನ ಚುಚ್ಚುಮಾತು. ಪ್ರತಿ ವರ್ಷ ಇದೇ ಜಗಳ. ಇಬ್ಬರೂ ಕಲ್ಲುಗಳ ಎದುರು, ನೆಲದ ಮೇಲಿನ ಒಂದೇ ಗುರುತಿನ ಮೇಲೆ ನಿಲ್ತೀವಿ. ಅವನು "ಬಂತು" ಅಂತಾನೆ, ನನಗೆ ಬರೀ ಆ ಎರಡು ಕಲ್ಲುಗಳ ನಡುವೆ ಕೆಳಗೆ ಅಡ್ಡ ಮಲಗಿರೋ ಅಡ್ಡಗಲ್ಲು ಕಾಣುತ್ತೆ. ಸೂರ್ಯ ಆಮೇಲೆ. ಅವನ ಪ್ರಕಾರ ನನ್ನ ಕಣ್ಣು ಮಂದ. ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲ ಅಂದರೂ ಅಣ್ಣ ಕನ್ನಡಕ ಹಾಕಿಸದೆ ಬಿಡಲಿಲ್ಲ. ದಿನಾ ಸೂಜಿಗೆ ದಾರ ಪೋಣಿಸೋಳಿಗೆ!

ಡಿಸೆಂಬರ್ 22

ಹೋಗಿ ಬಂದ್ವಿ. ಟ್ಯಾಕ್ಸಿಯವನು ಪುಣ್ಯಾತ್ಮ, ಗುರುತಿನ ತನಕ ಚೇರ್ ತಳ್ಳಿಕೊಟ್ಟ. ಅಣ್ಣ ಕೂತ, ಪಕ್ಕದಲ್ಲಿ ನಾನು ನಿಂತೆ. ಅಡ್ಡಗಲ್ಲಿನ ಮೇಲೆ ಸೂರ್ಯನ ಕೆಂಪು ಅಂಚು ಕಂಡಿತು. ಬಂತು ಅಂದೆ. ಎಲ್ಲಿ ಅಂದ. ಕತ್ತು ಚಾಚಿದ. ಇವನ ಕಣ್ಣೂ ಹೋಯ್ತಾ ಅಂತ ಹೆದರಿದೆ. ಸ್ವಲ್ಪ ಹೊತ್ತಿಗೆ ಬಿಸಿಲು ಅವನ ಮುಖಕ್ಕೂ ಇಳೀತು. ಅಡ್ಡಗಲ್ಲು ನೋಡಿದ. ನನ್ನನ್ನ ತಲೆಯಿಂದ ಕಾಲಿನವರೆಗೂ ನೋಡಿದ.

"ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ ಕಣೇ. ನೀನು ಗಿಡ್ಡಿ, ಅಷ್ಟೇ."

ಕೂತವನಿಗೆ ಕಲ್ಲು ಮರೆ, ನಿಂತವಳಿಗಲ್ಲ. ನಿಂತಿದ್ದಾಗ ಅವನು ನನಗಿಂತ ಮೊಳ ಎತ್ತರ, ಸೂರ್ಯ ಅವನಿಗೇ ಮೊದಲು. ಇಷ್ಟು ವರ್ಷ ಹೊಳೀಲೇ ಇಲ್ಲ — ಒಬ್ಬ ಜಾಮಿಟ್ರಿ ಮೇಷ್ಟ್ರು, ಇನ್ನೊಬ್ಬಳು ಕತ್ತಿಗೆ ಟೇಪ್ ಹಾಕ್ಕೊಂಡೇ ಓಡಾಡೋ ದರ್ಜಿ! ನಕ್ಕೂ ನಕ್ಕೂ ಸಾಕಾಯ್ತು. ನಗ್ತಾ ನಗ್ತಾ ಅವನಿಗೆ ಕೆಮ್ಮು ಹತ್ತಿತು. ಸಂಜೆಯಾದರೂ ನಿಂತಿಲ್ಲ.

ಜನವರಿ 9

ನಿನ್ನೆ ಮಧ್ಯಾಹ್ನ ಅಣ್ಣ ಹೋದ. ಬೇರೇನೂ ಬರೆಯೋಕಾಗಲ್ಲ.

ಜುಲೈ 2

ಅಣ್ಣನ ಕೋಟು ಪಕ್ಕದ ಮನೆಯವರಿಗೆ ಕೊಡೋಣ, ತೋಳು ಚಿಕ್ಕದು ಮಾಡಿ... ಕತ್ತರಿ ಹಿಡಿದೆ. ಕೈ ಬರಲಿಲ್ಲ. ವಾಪಸ್ ಹ್ಯಾಂಗರಿಗೆ ಹಾಕಿದೆ.

ಡಿಸೆಂಬರ್ 22, ಬೆಳಗ್ಗೆ, ಕಲ್ಲುಗಳ ಹತ್ತಿರ

ಒಬ್ಬಳೇ. ಅಂಗಡಿ ಸ್ಟೂಲ್ ತಂದಿದೀನಿ. ಮನೇಲೇ ಅಳೆದಿದ್ದೆ — ಹತ್ತಿ ನಿಂತರೆ ಅಣ್ಣನ ಕಣ್ಣಿನ ಎತ್ತರ.

ಹತ್ತಿದೆ. ಕಾಣಿಸ್ತು. ಅವನು ನೋಡ್ತಿದ್ದದ್ದು ಇದು. ಬಂತು ಅಂತ ಜೋರಾಗಿ ಹೇಳಿದೆ, ಅವನ ಹಾಗೇ. ಇಲ್ಲ ಅಂತ ಜಗಳ ಮಾಡೋಕೆ ಯಾರೂ ಇಲ್ಲ.

ಕೆಳಗಿಳಿದೆ. ಸೂರ್ಯ ಇಲ್ಲ, ಕಲ್ಲಿನ ಹಿಂದೆ. ನನ್ನ ಎತ್ತರಕ್ಕೆ ಇನ್ನೊಂದು ಸಲ ಹುಟ್ಟಬೇಕು. ಇಷ್ಟು ವರ್ಷ ಈ ಹೊತ್ತಲ್ಲಿ ಅಣ್ಣ ಬೈತಾ ಪಕ್ಕದಲ್ಲೇ ನಿಂತಿರ್ತಿದ್ದ, ನನಗೂ ಕಾಣೋ ತನಕ. ಅಂಚು ಹೊಳೀತಿದೆ. ಇನ್ನೇನು... ಅಣ್ಣಾ, ಬಂ—